ಸೀಟಿ ಆಗುವತನಕ

ನಮ್ಮ ರಾಯಚೂರಿನ ಕಾಲೇಜಿನ ಬಾಸ್ಕೆಟ್‌ಬಾಲ್ ಅಂಗಳದ ಮೇಲೆ ವರ್ಷದ ಹೆಚ್ಚಿನ ದಿನ ಕ್ರಿಕೆಟ್‌ನವರ ರೋಲರ್ ನಿಂತಿರುತ್ತದೆ. ಎರೆಮಣ್ಣಿನ ಮೈದಾನದಲ್ಲಿ ಬಿಟ್ಟರೆ ಒಂದೇ ಮಳೆಗೆ ಅದು ಅರ್ಧ ಹೂತುಹೋಗುತ್ತದೆ. ಸಿಮೆಂಟಿನ ನೆಲ ಇರುವುದು ಬಾಸ್ಕೆಟ್‌ಬಾಲ್ ಅಂಗಳ ಒಂದಕ್ಕೇ. ಹಾಗಾಗಿ ಅದು ಅಲ್ಲಿ. ಅದರ ಭಾರಕ್ಕೆ ಸಿಮೆಂಟು ಬಿರುಕು ಬಿಟ್ಟು, ಬಿರುಕಿನಲ್ಲಿ ಹುಲ್ಲು ಬೆಳೆದಿದೆ. ಹುಡುಗಿಯರ ಪಂದ್ಯವಿದ್ದ ದಿನ ಮೊದಲ ಕೆಲಸ ರೋಲರ್ ದೂಡುವುದು.

ದೂಡಿಸುತ್ತಿದ್ದವಳು ನನ್ನ ಅಕ್ಕ. ಆ ಕಾಲೇಜಿನ ಲೈಬ್ರರಿಯಲ್ಲಿ ಅಟೆಂಡರ್ ಆಗಿದ್ದಳು. ಸೆರಗು ಸೊಂಟಕ್ಕೆ ಸಿಕ್ಕಿಸಿ ಹಿಡಿಕೆಯ ಎಡಗಡೆ ನಿಲ್ಲುವಳು.

"ಬಗ್ಗಿ ಹಿಡೀರೆ. ರೊಟ್ಟಿ ತಿಂದೀರಿಲ್ಲೋ?"

"ತಿಂದೀವ್ರಿ ಅಕ್ಕ."

"ಹಂಗಾದ್ರ ಅದು ಎಲ್ಲಿ ಹ್ವಾತು? ದೂಡ್ರಿ!"

ಕ್ರಿಕೆಟ್ ಹುಡುಗರು ಕಾಂಪೌಂಡ್ ಗೋಡೆಯ ಮೇಲೆ ಕೂತು ನೋಡುತ್ತಿದ್ದರು. "ಅಕ್ಕಾರ, ಸೋಲಾಕ ಇಷ್ಟ್ಯಾಕ ತ್ರಾಸ್ ತಗೋತೀರಿ? ರೋಲರ್ ಅಲ್ಲೇ ಇರ್ಲಿ. ಅದೂ ನಿಮ್ಮ ಟೀಮಿನಾಗ ಒಬ್ಬಾಕಿ ಅಂತ ತಿಳೀರಿ."

"ನಿಂತಲ್ಲೇ ನಿಂದರೋರು ನಿಮ್ಮ ಟೀಮಿನಾಗ ಅದಾರಲೇ," ಎನ್ನುವಳು ಅಕ್ಕ. "ನಮ್ಮವರು ಓಡ್ತಾರ."

ಅಕ್ಕ ಜೀವನದಲ್ಲಿ ಒಮ್ಮೆಯೂ ಚೆಂಡು ಮುಟ್ಟಿ ಆಡಿದವಳಲ್ಲ. ಲೈಬ್ರರಿಯ ಕಿಟಕಿ ಆ ಅಂಗಳಕ್ಕೆ ತೆರೆಯುತ್ತದೆ, ಅಷ್ಟೆ. ಪುಸ್ತಕ ಜೋಡಿಸುತ್ತ ವರ್ಷಗಟ್ಟಲೆ ನೋಡಿ ಆಟದ ಕಾಯಿದೆಗಳನ್ನೆಲ್ಲ ಕಲಿತಿದ್ದಳು. ಮದುವೆಯಾಗಲಿಲ್ಲ. ನನ್ನ ಮನೆಯಲ್ಲೇ ಇದ್ದಳು. ನಾನು ಟೇಲರಿಂಗ್ ಮಾಡುತ್ತೇನೆ. ಕ್ರಿಕೆಟ್‌ನವರಿಗೆ ಪ್ರತಿವರ್ಷ ಹೊಸ ಡ್ರೆಸ್ ಬಂದಾಗ ಅವರ ಹಳೆಯ ಅಂಗಿಗಳು ಬಾಸ್ಕೆಟ್‌ಬಾಲ್ ಹುಡುಗಿಯರಿಗೆ ಬರುತ್ತಿದ್ದವು. ಅವುಗಳ ತೋಳು ಕತ್ತರಿಸಿ, ಹೊಲಿಗೆ ಬಿಚ್ಚಿ, ಅಳತೆಗೆ ತರುವ ಕೆಲಸ ನನ್ನದು. ಹಾಗೆ ಶುರುವಾಯಿತು. ನಾನು ಹೊಲಿದ ಅಂಗಿ ಹೇಗೆ ಕಾಣುತ್ತದೆಂದು ನೋಡಲು ಒಂದು ಪಂದ್ಯಕ್ಕೆ ಹೋದೆ, ಆಮೇಲೆ ಅಕ್ಕನ ಜೊತೆ ಎಲ್ಲ ಪಂದ್ಯಕ್ಕೂ ಹೋದೆ.

ನಾವು ಗೆದ್ದದ್ದನ್ನು ನಾನು ನೋಡಿಲ್ಲ. ಮನೆಗೆ ಬಂದರೆ ನನ್ನ ಯಜಮಾನರು, ಶಕ್ತಿನಗರದ ವಿದ್ಯುತ್ ಕೇಂದ್ರದಲ್ಲಿ ಡ್ಯೂಟಿ ಮುಗಿಸಿ ಬಂದು ಚಹಾ ಕುಡಿಯುತ್ತಿದ್ದವರು, "ಇವತ್ತು ಎಷ್ಟರಿಂದ?" ಎಂದು ಕೇಳುತ್ತಿದ್ದರು. ಗೆದ್ದಿರೋ ಸೋತಿರೋ ಎಂದು ಕೇಳುತ್ತಿರಲಿಲ್ಲ.

ಸೋಲಿಗೆ ಕಾರಣಗಳು ಅಕ್ಕನಿಗೆ ಬಾಯಿಪಾಠ. ನಮ್ಮ ಅಂಗಳದ ಒಂದು ಬುಟ್ಟಿಯ ಕಬ್ಬಿಣದ ಬಳೆ ಮುಂದಕ್ಕೆ ಬಾಗಿದೆ. ಕ್ರಿಕೆಟ್‌ನವರು ಅದಕ್ಕೆ ಕಿಟ್ ಬ್ಯಾಗು ನೇತುಹಾಕುತ್ತಿದ್ದರು, ಒದ್ದೆ ಪ್ಯಾಡು ಒಣಹಾಕುತ್ತಿದ್ದರು. ಇನ್ನೊಂದು ಬುಟ್ಟಿಯ ಕೆಳಗೆ ರೋಲರ್. ಹಾಗಾಗಿ ಹುಡುಗಿಯರು ಅಭ್ಯಾಸ ಮಾಡುವುದು ಆ ಬಾಗಿದ ಬಳೆಗೇ. ಅದಕ್ಕೆ ಕೈ ಕುದುರಿಸಿಕೊಂಡವರು ಬೇರೆ ಊರಿಗೆ ಹೋಗಿ ನೆಟ್ಟಗಿದ್ದ ಬಳೆಗೆ ಎಸೆದರೆ ಚೆಂಡು ಮುಂದಿನ ಅಂಚಿಗೆ ಬಡಿದು ವಾಪಸ್ ಬರುತ್ತಿತ್ತು. ಮೂರು ವರ್ಷ ಅಕ್ಕ ಇದನ್ನು ಪಿ.ಟಿ. ಮಾಸ್ತರರಿಗೆ ಹೇಳಿದಳು.

"ಹೌದಲ್ಲ," ಎಂದರು ಮಾಸ್ತರರು ಮೂರು ವರ್ಷವೂ. ಕೆಟ್ಟವರಲ್ಲ. ಆದರೆ ಹುಡುಗಿಯರ ಪಂದ್ಯ ನಡೆಯುವಾಗಲೂ ಅವರ ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಕ್ರಿಕೆಟ್ ಸ್ಕೋರು. ಕಾಲೇಜಿನ ಬಸ್ಸು ಕ್ರಿಕೆಟ್‌ಗೆ. ಕ್ರಿಕೆಟ್ ಫೈನಲ್ ಇದ್ದರೆ ಅರ್ಧ ದಿನ ರಜೆ, ಶಾಮಿಯಾನ, ಪಲಾವು. ನಾವು ಸರಕಾರಿ ಬಸ್ಸಿನಲ್ಲಿ ಚೆಂಡನ್ನು ತೊಡೆಯ ಮೇಲಿಟ್ಟುಕೊಂಡು ಹೋಗುತ್ತಿದ್ದೆವು.

ಮೇಲಾಗಿ ಹುಡುಗಿಯರೇ ಸಾಲುತ್ತಿರಲಿಲ್ಲ. ಇಬ್ಬರನ್ನು ಬಿಟ್ಟರೆ ಉಳಿದವರು ಕಬಡ್ಡಿಯಿಂದ ಎರವಲು ತಂದವರು. ಎದುರಾಳಿ ಚೆಂಡು ಹಿಡಿದು ಬಂದರೆ ಅವರಿಗೆ ಹಳೆಯ ರೂಢಿ ನೆನಪಾಗಿ ಸೊಂಟಕ್ಕೇ ಕೈ ಹಾಕುತ್ತಿದ್ದರು. ಈ ಆಟದಲ್ಲಿ ಮುಟ್ಟಿದರೆ ತಪ್ಪು. ಒಬ್ಬಳು ಐದು ತಪ್ಪು ಮಾಡಿದರೆ ಹೊರಗೆ. ಬದಲಿಗೆ ಯಾರೂ ಇಲ್ಲದಿದ್ದರೆ ಉಳಿದವರೇ ಆಡಬೇಕು. ಒಬ್ಬಳೇ ಉಳಿದರೆ ಪಂದ್ಯ ಅಲ್ಲಿಗೇ ಮುಗಿಯಿತು. ಎರಡು ವರ್ಷ ನಮ್ಮ ಪಂದ್ಯ ಹಾಗೆ ನಡುವೆಯೇ ನಿಂತಿತ್ತು. ಈ ವರ್ಷವೂ ಹಾಗಾದರೆ ತಂಡವನ್ನೇ ಮುಚ್ಚಿ, ಅಂಗಳದ ಮೇಲೆ ಕ್ರಿಕೆಟ್ ಅಭ್ಯಾಸಕ್ಕೆ ಬಲೆ ಕಟ್ಟಿಸುವುದಾಗಿ ಪ್ರಿನ್ಸಿಪಾಲರು ಹೇಳಿದ್ದರು. ಈ ವರ್ಷ ಇದ್ದದ್ದು ಎರಡೇ ಪಂದ್ಯ. ಒಂದು ಮಾನ್ವಿಯಲ್ಲಿ, ಒಂದು ದೇವದುರ್ಗದಲ್ಲಿ.

ಮಾನ್ವಿಯ ದಿನ ನನಗೆ ಮದುವೆಯವರ ಬ್ಲೌಸು ಕೊಡುವುದಿತ್ತು. ಬಿಸಿಲು ಬಹಳ. ನಮ್ಮವರ ಒಂದೂ ಚೆಂಡು ಬೀಳುತ್ತಿರಲಿಲ್ಲ. ನಮ್ಮ ತಂಡದ, ಚೀಕಲಪರ್ವಿ ಊರಿನ ಒಬ್ಬ ಎತ್ತರದ ಹುಡುಗಿ, ಹನ್ನೊಂದನೇ ನಂಬರಿನ ಅಂಗಿಯವಳು, ಬುಟ್ಟಿಯ ಕೆಳಗೇ ನಿಂತು ಮೂರು ಸಲ ಎಸೆದಳು. ಮೂರು ಸಲವೂ ಅಂಚಿಗೆ ಬಡಿಯಿತು. ಮಾನ್ವಿಯ ಹುಡುಗರು ಕೇಕೆ ಹಾಕಿದರು. ನನಗೆ ಏನಾಯಿತೋ, ಎದ್ದು ನಿಂತು ಕೂಗಿಬಿಟ್ಟೆ.

"ಸಾಕು ಬಿಡಬೇ! ಕೈಲಾಗದಿದ್ರ ಮನ್ಯಾಗ ಕುಂದ್ರು! ನಮ್ಮ ಮಾನ ಯಾಕ ಕಳೀತಿ?"

ಆ ಹುಡುಗಿ ನನ್ನ ಕಡೆ ತಿರುಗಿ ನೋಡಿದಳು. ಎದುರಾಳಿಗಳಲ್ಲ, ನಮ್ಮವಳೇ, ಅಂಗಿ ಹೊಲಿದು ಕೊಟ್ಟವಳೇ ಕೂಗಿದ್ದು ಎಂದು ಅವಳಿಗೆ ಗೊತ್ತಾಯಿತು. ಅಕ್ಕ ನನ್ನ ಸೆರಗು ಹಿಡಿದು ಎಳೆದಳು.

"ಕುಂದ್ರು."

"ನಾ ಹೊಂಟೆ. ನೀನೂ ಬಾ. ಇದ್ರಾಗ ಏನದ ನೋಡಾಕ?"

"ಹೋಗೋದಿದ್ರ ಹೋಗು. ಸೀಟಿ ಆಗೂಮಟ ನಾ ಏಳಂಗಿಲ್ಲ."

ಅವಳು ಎಂದೂ ಎದ್ದವಳಲ್ಲ. ಎಷ್ಟೇ ಸೋಲಿರಲಿ, ಕೊನೆಯ ಸೀಟಿ ಆದಮೇಲೆಯೇ ಕೊಡೆ ಬಿಡಿಸುವುದು. ನಾನು ಒಬ್ಬಳೇ ಬಸ್‌ಸ್ಟ್ಯಾಂಡಿಗೆ ನಡೆದೆ.

ಸಂಜೆ ಅವಳು ಬಂದು ಚಪ್ಪಲಿ ಬಿಡುವಾಗ ನನ್ನ ಯಜಮಾನರು ಎಂದಿನಂತೆ ಕೇಳಿದರು, "ಎಷ್ಟರಿಂದ?"

"ಸೋತ್ವಿ," ಎಂದಳು ಅಕ್ಕ. ಆಮೇಲೆ ಅವರನ್ನಲ್ಲ, ನನ್ನನ್ನು ನೋಡಿ ಹೇಳಿದಳು. "ಆದ್ರ ಕಡೀಕ ಒಂದು ಬಿತ್ತು ನೋಡು."

ಯಾರು ಹಾಕಿದರು, ಹೇಗೆ ಬಿತ್ತು ಎಂದು ನಾನು ಕೇಳಬೇಕಿತ್ತು. ಕೇಳಲಿ ಎಂದೇ ಹೇಳಿದ್ದಳು. ನಾನು ಮಷೀನಿನ ಸೂಜಿಗೆ ದಾರ ಪೋಣಿಸುತ್ತ ಕೂತೆ. ಆಮೇಲೆ ಕೇಳಿದರಾಯಿತು ಎಂದುಕೊಂಡೆ. ಮರುದಿನವೂ ಕೇಳಲಿಲ್ಲ. ಮಾತಾಡುತ್ತಿದ್ದೆವು, ಉಪ್ಪು ಕೊಡು, ನೀರು ಬಂದದ, ಇಂಥವು.

ಹತ್ತನೆಯ ದಿನ ಲೈಬ್ರರಿಯಲ್ಲಿ ಪುಸ್ತಕ ಇಡುತ್ತ ಇದ್ದವಳು ಸ್ಟೂಲಿನ ಮೇಲೆ ಕೂತಳಂತೆ. ನೀರು ಕೇಳಿದಳಂತೆ. ಆಸ್ಪತ್ರೆಗೆ ಒಯ್ಯುವಷ್ಟರಲ್ಲಿ ಮುಗಿದಿತ್ತು. ನಾನು ಹೋದಾಗ ಅವಳ ಕೈ ಇನ್ನೂ ಬೆಚ್ಚಗಿತ್ತು. ಇದರ ಬಗ್ಗೆ ಹೆಚ್ಚು ಬರೆಯಲು ನನಗೆ ಆಗುವುದಿಲ್ಲ.

ಕ್ರಿಯಾಕರ್ಮಗಳು ಮುಗಿದ ಮೇಲೆ ಅವಳ ಕೈಚೀಲ ತೆಗೆದೆ. ಕನ್ನಡಕ, ಊಟದ ಡಬ್ಬಿ, ಕೆಳಗೆ ಇಸ್ತ್ರಿ ಮಾಡಿ ಮಡಚಿದ ಒಂದು ಅಂಗಿ. ಹನ್ನೊಂದನೇ ನಂಬರು. ಅದು ಚೀಲದಲ್ಲಿ ಯಾಕಿದೆಯೆಂದು ತಿಳಿಯದೆ ಕಾಲೇಜಿಗೆ ಒಯ್ದು ಮಾಸ್ತರರಿಗೆ ತೋರಿಸಿದೆ.

"ಆ ಚೀಕಲಪರ್ವಿ ಹುಡುಗಿದ್ರಿ," ಎಂದರು. "ಮಾನ್ವಿ ಮ್ಯಾಚ್ ಮರುದಿನಾನ ಅಂಗಿ ನಿಮ್ಮಕ್ಕನ ಕೈಯಾಗ ಕೊಟ್ಟು ಹ್ವಾದ್ಲು. ಕಾಲೇಜಿಗೂ ಬಂದಿಲ್ಲ. ಈಗ ನಾಕೇ ಮಂದಿ ಅದಾರ. ನಾಕ ಮಂದೀಗೆ ಮ್ಯಾಚ್ ಶುರು ಆಗಂಗಿಲ್ಲ. ಫಿಕರ್ ಮಾಡಬ್ಯಾಡ್ರಿ, ಐತವಾರ ನಾ ಹೋಗಿ ಕರ್ಕೊಂಡು ಬರ್ತೀನಿ ಅಂತ ನಿಮ್ಮಕ್ಕ ಅಂದಿದ್ರು."

ಆ ಭಾನುವಾರ ಬರುವಷ್ಟರಲ್ಲಿ ಅಕ್ಕ ಇರಲಿಲ್ಲ. ಹುಡುಗಿ ಯಾಕೆ ಬಿಟ್ಟಳೆಂದು ಅಕ್ಕ ಮಾಸ್ತರರಿಗೆ ಹೇಳಿರಲಿಲ್ಲ. ನನಗೂ ಹೇಳಿರಲಿಲ್ಲ. ಅಷ್ಟೂ ದಿನ ಆ ಅಂಗಿಯನ್ನು ಚೀಲದಲ್ಲಿಟ್ಟುಕೊಂಡು ನನ್ನ ಎದುರಿಗೇ ಓಡಾಡಿದ್ದಳು.

ದೇವದುರ್ಗದ ಪಂದ್ಯಕ್ಕೆ ನಾಲ್ಕು ದಿನ ಉಳಿದಿತ್ತು. ನಾನು ಅಂಗಿ ತಗೊಂಡು ಮಾನ್ವಿಗೆ ಹೋಗಿ, ಅಲ್ಲಿಂದ ಚೀಕಲಪರ್ವಿಗೆ ಹೋದೆ. ಆ ಹುಡುಗಿ ಹೊಳೆಯ ಕಡೆಯ ಗದ್ದೆಯಲ್ಲಿ ತಾಯಿಯ ಜೊತೆ ಕಳೆ ತೆಗೆಯುತ್ತಿದ್ದಳು. ನನ್ನನ್ನು ನೋಡಿ ನೆಟ್ಟಗಾದಳು. ಕೈಯಲ್ಲಿ ಕೆಸರು.

"ಅಕ್ಕಾರು ಬಂದಿಲ್ಲೇನ್ರಿ?" ಎಂದು ನನ್ನ ಬೆನ್ನ ಹಿಂದೆ ನೋಡಿದಳು.

ಅವಳಿಗೆ ಸುದ್ದಿ ಮುಟ್ಟಿರಲಿಲ್ಲ. ಬದುವಿನ ಮೇಲೆ ನಿಂತು ಹೇಳಿದೆ. ಅವಳು ಬಾಯಿಗೆ ಕೈ ಅಡ್ಡ ಹಿಡಿದಳು, ತುಟಿಗೆಲ್ಲ ಕೆಸರು ಹತ್ತಿತು. ತಾಯಿ ಬಂದು ನಿಂತಳು.

"ಆಕಿ ಕರೀಬೇಕಂತಿದ್ಲು," ಎಂದೆ. "ಅದಕ್ಕ ನಾ ಬಂದೀನಿ. ಅವತ್ತು ನಾ ಅಂದದ್ದು ತಪ್ಪವ್ವ."

"ನೀವೊಬ್ರ ಅಂದ್ರೇನ್ರಿ? ಎಲ್ಲಾರೂ ಅಂತಾರ." ಹುಡುಗಿ ನೆಲ ನೋಡುತ್ತ ಹೇಳಿದಳು. "ಅಕ್ಕಾರು ಒಬ್ರ ಅಂತಿದ್ದಿಲ್ಲ."

"ಹೋಗೋದು, ಸೋತು ಬರೋದು," ಎಂದಳು ತಾಯಿ. "ಬಸ್ಸೇನೋ ಹೆಣ್ಮಕ್ಕಳಿಗೆ ಪುಕ್ಕಟೆ ಅದ ಖರೆ. ಹಂಗಂತ ಸೋಲಾಕ ದೇವದುರ್ಗಕ್ಕ ಹೋಗಬೇಕೇನ್ರಿ? ಇಲ್ಲೇ ಸೋಲಬಹುದಲ್ಲ."

ನನಗೆ ನಗು ಬಂತು. ಅಕ್ಕ ಹೋದಮೇಲೆ ಮೊದಲ ಸಲ. ತಕ್ಷಣ ನಾಚಿಕೆಯೂ ಆಯಿತು. ಅಂಗಿಯನ್ನು ಬದುವಿನ ಮೇಲಿದ್ದ ಅವರ ಬುತ್ತಿಯ ಪಕ್ಕ ಇಟ್ಟು ಬಂದೆ. ಹುಡುಗಿ ಬರುತ್ತೇನೆ ಎನ್ನಲಿಲ್ಲ, ಬರುವುದಿಲ್ಲ ಎಂದೂ ಅನ್ನಲಿಲ್ಲ.

ದೇವದುರ್ಗದಲ್ಲಿ ಪಂದ್ಯ ಶುರುವಾಗಲು ಐದು ನಿಮಿಷವಿದ್ದಾಗ ಅವಳು ಗೇಟಿನಿಂದ ಓಡುತ್ತ ಬಂದಳು. ಅಂಗಿ ಹಾಕಿಕೊಂಡೇ ಬಂದಿದ್ದಳು. ಐವರಾದರು. ಆರನೆಯವಳಿಲ್ಲ.

ಅರ್ಧ ಆಟ ಮುಗಿಯುವಷ್ಟರಲ್ಲಿ ಕಬಡ್ಡಿಯ ಒಬ್ಬಳು ಐದು ತಪ್ಪು ಮಾಡಿ ಹೊರಗೆ ಬಂದಳು. ಸುತ್ತ ನಿಂತವರು ಬಿದ್ದು ಬಿದ್ದು ನಗುತ್ತಿದ್ದರು. "ಏ, ಇದು ಕಬಡ್ಡಿ ಅಲ್ಲಬೇ!" "ರಾಯಚೂರಿನವರು ಬುಟ್ಟಿ ಮಾರಾಕ ಬಂದಾರೇನು?" ಮೂರನೆಯ ಭಾಗದಲ್ಲಿ ಇನ್ನೊಬ್ಬಳು ಹೊರಗೆ. ಕೊನೆಯ ಭಾಗ ಶುರುವಾಗಿ ಸ್ವಲ್ಪ ಹೊತ್ತಿಗೆ ಮತ್ತೊಬ್ಬಳು. ಉಳಿದವರು ಇಬ್ಬರು, ನಾಯಕಿ ಮತ್ತು ಹನ್ನೊಂದನೇ ನಂಬರು. ಹನ್ನೊಂದನೆಯವಳಿಗೆ ಆಗಲೇ ನಾಲ್ಕು ತಪ್ಪು. ಇನ್ನೊಂದಾದರೆ ಪಂದ್ಯ ನಿಲ್ಲುತ್ತದೆ, ತಂಡ ಮುಚ್ಚುತ್ತದೆ. ಮಾಸ್ತರರು ಮೊಬೈಲು ಜೇಬಿಗೆ ಹಾಕಿದ್ದನ್ನು ಆ ದಿನ ನೋಡಿದೆ.

ಐವರ ಎದುರು ಇಬ್ಬರು. ದೇವದುರ್ಗದ ಹುಡುಗಿಯರು ಚೆಂಡು ತಗೊಂಡು ಬರುವರು, ಹಾಕುವರು. ಹನ್ನೊಂದನೆಯವಳು ಪ್ರತಿ ಸಲ ತಡೆಯಲು ಕೈ ಚಾಚುವಳು. ಅಕ್ಕ ಕೂರುತ್ತಿದ್ದ ಹಾಗೆ ಮುಂದಿನ ಮೆಟ್ಟಿಲ ಮೇಲೆ ಕೂತಿದ್ದೆ. ಎದ್ದು ನಿಂತು ಕೂಗಿದೆ.

"ಮುಟ್ಟಬ್ಯಾಡವ್ವ! ಕೈ ಹಿಂದ ಕಟ್ಟಿಕೋ! ಹಾಕ್ಲಿ, ಹಾಕ್ಲಿ ಬಿಡು!"

ಜನ ನನ್ನ ಕಡೆ ನೋಡಿ ನಕ್ಕರು. ತನ್ನ ತಂಡಕ್ಕೇ ಬಿಟ್ಟುಕೊಡು ಎಂದು ಕೂಗುವವಳನ್ನು ಅವರು ಕಂಡಿರಲಿಕ್ಕಿಲ್ಲ. ಅಕ್ಕ ಇದ್ದರೆ ಹಾಗೆ ಕೂಗುತ್ತಿದ್ದಳೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. "ಓಡ್ರಿ" ಎನ್ನುತ್ತಿದ್ದಳು, ಬಹುಶಃ. ಆ ಹುಡುಗಿ ನನ್ನ ಕಡೆ ನೋಡಿದಳು, ಮಾನ್ವಿಯಲ್ಲಿ ನೋಡಿದ ಹಾಗೆಯೇ. ಆಮೇಲೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು, ಚೆಂಡು ತಂದವರ ಎದುರಿಗೆ ಬರೀ ಓಡಿದಳು. ಅವರು ಹಾಕುತ್ತಲೇ ಇದ್ದರು. ಮತ್ತೆ ಮತ್ತೆ ಬುಟ್ಟಿಯೊಳಗಿಂದ ಚೆಂಡು ಬೀಳುವುದನ್ನು ನೋಡುತ್ತ ನಿಂತೆ.

ಸೀಟಿ ಆಯಿತು. ಆಮೇಲೆ ಕೂತೆ.

ಪಂದ್ಯ ಪೂರಾ ಆಯಿತೆಂದು ಮಾಸ್ತರರು ಕಾಗದಕ್ಕೆ ಸಹಿ ಹಾಕಿಸಿಕೊಂಡರು. "ಮುಂದಿನ ವರ್ಷ ಟೀಮ್ ಇರ್ತದ್ರಿ," ಎಂದರು. ಇರುತ್ತದೆ, ಆದರೆ ಈ ಹುಡುಗಿಯರಲ್ಲಿ ಮೂವರು ಮುಂದಿನ ವರ್ಷ ಕಾಲೇಜಿನಲ್ಲೇ ಇರುವುದಿಲ್ಲ. ಬಾಗಿದ ಬಳೆ ಹಾಗೇ ಇದೆ. ಎಡಗಡೆ ನಿಂತು ರೋಲರ್ ದೂಡಿಸುವವರು ಯಾರೋ ಗೊತ್ತಿಲ್ಲ.

ದೇವದುರ್ಗದ ಬಸ್‌ಸ್ಟ್ಯಾಂಡಿನಲ್ಲಿ ಹನ್ನೊಂದನೆಯವಳು ನನ್ನ ಪಕ್ಕ ಕೂತು ಮಂಡಕ್ಕಿ ತಿನ್ನುತ್ತಿದ್ದಳು. ಅಕ್ಕನನ್ನು ಕೇಳದೆ ಉಳಿದದ್ದನ್ನು ಅವಳನ್ನು ಕೇಳಿದೆ.

"ಮಾನ್ವ್ಯಾಗ ಕಡೀಕ ಒಂದು ಬಿತ್ತಂತಲ್ಲ. ಯಾರು ಹಾಕಿದ್ರು?"

ಅವಳು ಅಗಿಯುವುದನ್ನು ನಿಲ್ಲಿಸಿ ಯೋಚಿಸಿದಳು. "ಮಾನ್ವ್ಯಾಗ? ಕಡೀಕ ಏನೂ ಬಿದ್ದಿಲ್ರಿ ಅಕ್ಕ. ಸೀಟಿ ಆದಾಗ ಚೆಂಡು ಅವ್ರ ಕೈಯಾಗೇ ಇತ್ತು. ಯಾಕ್ರಿ?"

"ಏನಿಲ್ಲ. ತಿನ್ನು."

ಸಂಜೆ ಮನೆಗೆ ಬಂದು ಚಪ್ಪಲಿ ಬಿಟ್ಟೆ. ನನ್ನ ಯಜಮಾನರು ಚಹಾ ಕುಡಿಯುತ್ತಿದ್ದರು. ಲೋಟ ಕೆಳಗಿಟ್ಟು ಮೆಲ್ಲಗೆ ಕೇಳಿದರು.

"ಎಷ್ಟರಿಂದ?"

"ಸೋತ್ವಿ," ಎಂದೆ. ಅಕ್ಕನ ಚಪ್ಪಲಿ ಇನ್ನೂ ಅಲ್ಲೇ ಗೋಡೆಯ ಬುಡದಲ್ಲಿದ್ದವು. "ಆದ್ರ ಕಡೀಕ ಒಂದು ಬಿತ್ತು."