ಮೆತ್ತಗೆ ಮುಚ್ಚುವ ಬಾಗಿಲು

ಅವರ ಎರಡೂ ಮುಂಗೈಗಳ ಮೇಲೆ, ಮಣಿಕಟ್ಟಿನಿಂದ ಮೊಣಕೈವರೆಗೆ, ಸಣ್ಣ ಸಣ್ಣ ಸುಟ್ಟ ಚುಕ್ಕೆಗಳಿದ್ದವು. ಒಗ್ಗರಣೆಯ ಸಾಸಿವೆ ಸಿಡಿದು ನನ್ನ ಕೈಮೇಲೆ ಆಗುವಂಥವೇ. ಮಣಿಕಟ್ಟಿನಿಂದ ಆಚೆಗೆ ಬೆರಳುಗಳು ಮಾತ್ರ ಬೆಳ್ಳಗೆ, ಉಗುರುಗಳನ್ನು ಒಂದೇ ಅಳತೆಗೆ ಕತ್ತರಿಸಿಕೊಂಡು, ಈಗಷ್ಟೇ ಸೋಪು ಹಾಕಿ ತೊಳೆದಂತೆ ಇರುತ್ತಿದ್ದವು. ಜೀವಮಾನವಿಡೀ ಪರರ ಬಾಯೊಳಗೆ ಬೆರಳಿಟ್ಟು ದುಡಿದ ಹಲ್ಲಿನ ಡಾಕ್ಟರು ಅವರು. ವೆಲ್ಡಿಂಗಿಗೆ ದಪ್ಪ ಕೈಗವಸು ಹಾಕಿಕೊಳ್ಳುತ್ತಿದ್ದರು, ಆದರೆ ಅಂಗಿಯ ತೋಳನ್ನು ಮೇಲೆ ಮಡಚುವ ಹಳೆಯ ಅಭ್ಯಾಸ ಬಿಡುತ್ತಿರಲಿಲ್ಲ. ಕಿಡಿ ಹಾರಿ ಬೀಳುತ್ತಿದ್ದದ್ದು ಆ ನಡುವಿನ ಜಾಗಕ್ಕೆ.

ನೆದರ್ಲೆಂಡ್ಸಿನ ನೈಮೆಗನ್ನಿನಲ್ಲಿ ನಮ್ಮದು ಸಾಲುಮನೆ. ಅವರದ್ದು ಪಕ್ಕದ್ದು. ಹಿತ್ತಲಿಗೂ ಹಿತ್ತಲಿಗೂ ನಡುವೆ ಎದೆಮಟ್ಟದ ಇಟ್ಟಿಗೆ ಗೋಡೆ. ನಾನು ಅವರನ್ನು ಹೆಸರು ಹಿಡಿದು ಕರೆದದ್ದೇ ಇಲ್ಲ. ಇಲ್ಲಿ ಪಕ್ಕದ ಮನೆಯ ಗಂಡಸನ್ನು ಬೂರ್‌ಮನ್ ಎನ್ನುತ್ತಾರೆ, ಹೆಂಗಸನ್ನು ಬೂರ್‌ವ್ರೌ. ಹಾಗೆ ಅವರು ನನಗೆ ಬೂರ್‌ಮನ್, ನಾನು ಅವರಿಗೆ ಬೂರ್‌ವ್ರೌ. ಅವರ ಇಂಗ್ಲಿಷು, ನನ್ನ ಅರೆಬರೆ ಡಚ್ಚು ಸೇರಿ ನಮ್ಮ ಮಾತು ಸಾಗುತ್ತಿತ್ತು. ಈಗ ನೆನೆಸಿಕೊಂಡರೆ ಎಲ್ಲವೂ ಕನ್ನಡದಲ್ಲೇ ಕೇಳಿಸುತ್ತದೆ.

ಅವರ ಗ್ಯಾರೇಜಿನಲ್ಲಿ ಅಮೆರಿಕದ ಹಳೆಯ ಕಾರೊಂದಿತ್ತು. ಮಸಲ್ ಕಾರು ಎಂದು ಕರೆಯುವ ಜಾತಿಯದು: ಉದ್ದ ಮೂತಿ, ಅಬ್ಬರದ ಎಂಜಿನ್, ಮಂಚದಷ್ಟು ಅಗಲದ ಎರಡೇ ಬಾಗಿಲು. ಮದುವೆಯಾದ ಹೊಸದರಲ್ಲಿ ಕೊಂಡದ್ದಂತೆ. ಅವರ ಹೆಂಡತಿಗೆ ಮರೆವಿನ ಕಾಯಿಲೆ ಹತ್ತಿ, ಊರಾಚೆಯ ಶುಶ್ರೂಷಾಲಯಕ್ಕೆ ಸೇರಿಸಿದ್ದರು. ಆಕೆ ಬೇರೆ ಯಾವ ಗಾಡಿಯನ್ನೂ ಹತ್ತುತ್ತಿರಲಿಲ್ಲ. ಒಮ್ಮೆ ಟ್ಯಾಕ್ಸಿಗೆ ಕೂರಿಸಲು ಹೋದಾಗ ಬಾಗಿಲ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಅತ್ತರಂತೆ. ಈ ಕಾರಾದರೆ ಯಾರೂ ಏನೂ ಹೇಳಬೇಕಿರಲಿಲ್ಲ. ತಾವೇ ಬೆನ್ನು ತಿರುಗಿಸಿ, ಕೂತು, ಕಾಲೆರಡನ್ನೂ ಒಳಗೆ ಎಳೆದುಕೊಳ್ಳುವರು. ಹೆಸರುಗಳು ಮರೆತಿದ್ದವು, ಮೈಗೆ ಮಾತ್ರ ಆ ಸೀಟು ನೆನಪಿತ್ತು. ಭಾನುವಾರಗಳಂದು ಇಬ್ಬರೂ ವಾಲ್ ನದಿಯ ಏರಿಯ ಮೇಲೆ ಒಂದು ಸುತ್ತು ಹೋಗಿ ಬರುತ್ತಿದ್ದರು.

ಕೊರೊನಾಕ್ಕೆ ಮುಂಚಿನ ಡಿಸೆಂಬರಿನಲ್ಲಿ, ಹೀಗೆ ಕೂತಾಗ ಆಕೆಯ ಹಿಮ್ಮಡಿ ಕಾರಿನ ನೆಲದೊಳಕ್ಕೇ ಇಳಿದುಬಿಟ್ಟಿತು. ಕಾರ್ಪೆಟ್ಟಿನ ಅಡಿಯ ತಗಡು ತುಕ್ಕು ತಿಂದು ಹಪ್ಪಳವಾಗಿತ್ತು. ಗಾಯವೇನೂ ಆಗಲಿಲ್ಲ. ಆದರೆ ಇನ್ನು ಈ ಕಾರು ಸರಿಯಾಗುವ ತನಕ ಆಕೆಯನ್ನು ಅದರಲ್ಲಿ ಕೂರಿಸುವುದಿಲ್ಲ ಎಂದು ಅವರು ಅವತ್ತೇ ತೀರ್ಮಾನಿಸಿದರು. ಹಳೆ ಕಾರುಗಳ ಹುಚ್ಚಿನ ಗೆಳೆಯರೊಬ್ಬರು, ಮೇಲೊಂದು ತಗಡು ಬಡಿದು ಬಣ್ಣ ಹೊಡೆದರಾಯಿತು ಎಂದರಂತೆ. ಅದನ್ನು ನನಗೆ ಹೇಳುವಾಗ ಅವರ ಮುಖ ಹುಳಿ ಮಜ್ಜಿಗೆ ಕುಡಿದಂತಾಗಿತ್ತು. ಹುಳುಕಿನ ಮೇಲೆ ಸಿಮೆಂಟು ತುಂಬುವವನನ್ನು ಡಾಕ್ಟರು ಅನ್ನುವುದಿಲ್ಲ ಎಂದರು.

ಹಲ್ಲಿನ ಸಂದು ಕೆದಕುವ ಕೊಕ್ಕೆ ಕಡ್ಡಿಯಿಂದಲೇ ಅವರು ಕಾರಿನ ಅಡಿಯನ್ನು ಕುಟ್ಟಿ, ಚುಚ್ಚಿ ನೋಡುತ್ತಿದ್ದರು. ಮೆತ್ತಗಿದ್ದಲ್ಲೆಲ್ಲ ಸೀಮೆಸುಣ್ಣದ ಗೆರೆ. ಗೆರೆಗಳು ಬೆಳೆದು ಬೆಳೆದು ಬಾಗಿಲ ಕೆಳಗೆ ಆ ತುದಿಯಿಂದ ಈ ತುದಿಯವರೆಗೆ ಹೋದವು. ಈ ಕಾರಿಗೆ ಬೇರೆ ಚೌಕಟ್ಟಿಲ್ಲ, ಮೈಯೇ ಚೌಕಟ್ಟು. ಬಾಗಿಲ ಕೆಳಗಿನ ಉದ್ದನೆಯ ಟೊಳ್ಳು ತೊಲೆಯೇ ಅದರ ಬೆನ್ನೆಲುಬು ಎಂದು ವಿವರಿಸಿದರು. ಹಾಗಾದರೆ ಅದು ಹೊಸ್ತಿಲು ಎಂದು ನಾನು ನನ್ನಷ್ಟಕ್ಕೆ ಹೆಸರಿಟ್ಟುಕೊಂಡೆ. ಎರಡೂ ಕಡೆಯ ಹೊಸ್ತಿಲು, ಆಕೆ ಕಾಲಿಡುವ ನೆಲ, ಎಲ್ಲವನ್ನೂ ಕತ್ತರಿಸಿ ತೆಗೆದು ಹೊಸದನ್ನು ಬೆಸೆಯಬೇಕಿತ್ತು. ಏಪ್ರಿಲ್ಲಿಗೆ ಮುಗಿಸಿ, ಟುಲಿಪ್ ಅರಳುವ ಹೊತ್ತಿಗೆ ಆಕೆಯನ್ನು ಕರೆದೊಯ್ಯುವ ಲೆಕ್ಕಾಚಾರ.

ಮಾರ್ಚಿನಲ್ಲಿ ಶುಶ್ರೂಷಾಲಯದ ಬಾಗಿಲು ಮುಚ್ಚಿತು. ಹೊಸ ಹೊಸ್ತಿಲುಗಳು ಅಮೆರಿಕದಿಂದ ಹೊರಟವು ಎಂಬ ಸುದ್ದಿ ಬಂದದ್ದಷ್ಟೇ, ಅವು ಎಲ್ಲಿವೆ ಎಂದು ಯಾರಿಗೂ ಗೊತ್ತಿರಲಿಲ್ಲ.

ನನ್ನ ಮನೆಯೂ ಅದೇ ತಿಂಗಳು ಬರಿದಾಯಿತು. ಕಂಪನಿ ಕೆಲಸಕ್ಕೆಂದು ಸಿಂಗಪುರಕ್ಕೆ ಹೋಗಿದ್ದ ಯಜಮಾನರು ಅಲ್ಲೇ ಸಿಕ್ಕಿಕೊಂಡರು. ಮಗಳು ಈ ದೇಶದ ಉತ್ತರ ತುದಿಯ ಗ್ರೋನಿಂಗನ್ನಿನಲ್ಲಿ ಓದುತ್ತಿದ್ದಳು. ಗೆಳತಿಯರ ಜೊತೆ ಅವಳಿದ್ದ ಮನೆಯಲ್ಲಿ ಒಬ್ಬರಾದ ಮೇಲೊಬ್ಬರಿಗೆ ಜ್ವರ, ಬರುವಂತಿರಲಿಲ್ಲ. ಒಬ್ಬಳಿಗೆ ಅನ್ನ ಮಾಡುವುದು ನನಗೆ ಅದುವರೆಗೆ ಗೊತ್ತಿರಲಿಲ್ಲ. ಎಷ್ಟು ಕಡಿಮೆ ಅಕ್ಕಿ ಹಾಕಿದರೂ ಮಿಗುತ್ತಿತ್ತು. ಪರದೆ ಸರಿಸುವುದು, ಕುಂಡಗಳಿಗೆ ನೀರು, ಕುಕ್ಕರಿನ ಸೀಟಿ, ಬಟ್ಟೆ ಮಡಚುವುದು. ಮಧ್ಯಾಹ್ನ ಯಾರದಾದರೂ ಫೋನು ಬಂದರೆ ಅವತ್ತಿನ ಮೊದಲ ಮಾತಿಗೆ ಗಂಟಲು ಕಟ್ಟಿರುತ್ತಿತ್ತು. ಗೋಡೆಯಾಚೆ ಕತ್ತರಿಸುವ ಯಂತ್ರದ ಕಿರ್ರೆನ್ನುವ ಸದ್ದು ಕೇಳಿದರೆ, ಉಳಿದವರು ಬೈದುಕೊಳ್ಳುತ್ತಿದ್ದರೇನೋ, ನನಗೆ ಮಾತ್ರ ಸಮಾಧಾನವಾಗುತ್ತಿತ್ತು.

ಬೆಳಗಿನ ಕಾಫಿಗೆ ಅವರು ಗೋಡೆಯ ಬಳಿ ಬರುವರು. ಬಿಸ್ಕತ್ತಿನ ಡಬ್ಬಿಯನ್ನು ಗೋಡೆಯ ಮೇಲಿಟ್ಟು, ಮುಚ್ಚಳ ತೆಗೆದು, ಹಿಂದೆ ಸರಿದು ನಿಲ್ಲುವರು. ನಾನು ಒಂದು ತೆಗೆದುಕೊಂಡ ಮೇಲೆ ಮುಚ್ಚಳ ಮುಚ್ಚುವರು. ಎರಡನೆಯದಕ್ಕೆ ಈ ದೇಶದಲ್ಲಿ ಅವಕಾಶವಿಲ್ಲ. ಒಂದು ದಿನ ನಾನು ಚಕ್ಕುಲಿ ಇಟ್ಟೆ. ಕಡಿದರು, ಕೆನ್ನೆ ಹಿಡಿದುಕೊಂಡರು.

"ಬೂರ್‌ವ್ರೌ, ಇದನ್ನ ಕಂಡುಹಿಡಿದವನು ನನ್ನ ಕಸುಬಿನವನೇ ಇರಬೇಕು."

ಆಮೇಲೆ ಎರಡನೆಯದನ್ನು ಕೇಳಿ ತೆಗೆದುಕೊಂಡರು.

ಮಧ್ಯಾಹ್ನ ಸೈಕಲ್ ಹತ್ತಿ ಶುಶ್ರೂಷಾಲಯಕ್ಕೆ ಹೋಗಿ, ಪೊದೆಗಳ ನಡುವೆ ನಿಂತು, ಗಾಜಿನಾಚೆ ಕೂತ ಹೆಂಡತಿಯ ಜೊತೆ ಫೋನಿನಲ್ಲಿ ಮಾತಾಡಿ ಬರುವರು. ಆಕೆಗೆ ಕಿವಿಗೆ ಹಿಡಿದ ಫೋನಿಗೂ ಗಾಜಿನಾಚೆಯ ಮುಖಕ್ಕೂ ಸಂಬಂಧವೇ ಹತ್ತುತ್ತಿರಲಿಲ್ಲವಂತೆ. ಇವರು ಹೋದ ದಿನವೆಲ್ಲ ಆಕೆ ಕೇಳುತ್ತಿದ್ದದ್ದು ಒಂದೇ, ಕಾರು ಎಲ್ಲಿ.

ಜುಲೈನಲ್ಲಿ ಉದ್ದನೆಯ ರಟ್ಟಿನ ಪೆಟ್ಟಿಗೆ ಬಂತು. ಹೊಸ ಹೊಸ್ತಿಲನ್ನು ಅದರ ಜಾಗಕ್ಕೆ ಕೂರಿಸಿ ಬೆಸುಗೆ ಹಾಕಲು ಆ ತುದಿ ಹಿಡಿಯುವವರೊಬ್ಬರು ಬೇಕು. ಆಗೆಲ್ಲ ಒಬ್ಬರಿಂದೊಬ್ಬರು ಒಂದೂವರೆ ಮೀಟರ್ ದೂರ ನಿಲ್ಲಬೇಕೆಂಬ ನಿಯಮ. ಅವರು ಅಳತೆಪಟ್ಟಿ ತಂದು ಹೊಸ್ತಿಲನ್ನು ಅಳೆದು, ಗೋಡೆಯ ಮೇಲಿಂದ ನನ್ನನ್ನು ಕರೆದರು.

"ಸರ್ಕಾರ ಕೇಳಿದ್ದಕ್ಕಿಂತ ಉದ್ದ ಇದೆ. ನೀವು ಆ ಕಡೆ, ನಾನು ಈ ಕಡೆ. ಕಾನೂನು ಮುರಿಯಲ್ಲ."

ನಾಲ್ಕು ತಿಂಗಳಲ್ಲಿ ನಾನು ಇನ್ನೊಬ್ಬರ ಜೊತೆ ಸೇರಿ ಹಿಡಿದ ಮೊದಲ ವಸ್ತು ಆ ಕಬ್ಬಿಣ. ಅವರು ಅಲ್ಲಿ ಸ್ವಲ್ಪ ತಳ್ಳಿದರೆ ಇಲ್ಲಿ ನನ್ನ ಅಂಗೈಗೆ ತಿಳಿಯುತ್ತಿತ್ತು. ಬೆಳಕು ಕಣ್ಣಿಗೆ ಬಡಿಯಬಾರದೆಂದು ಪ್ರತಿ ಬೆಸುಗೆಗೂ ಮುಂಚೆ ಅವರು ‘ಕಣ್ಣು’ ಅನ್ನುವರು. ನಾನು ಮುಖ ತಿರುಗಿಸಿ ಕಣ್ಣು ಮುಚ್ಚುವೆ. ಚಟಚಟ ಸದ್ದು, ಸುಟ್ಟ ವಾಸನೆ, ಮತ್ತೆ ‘ಹೂಂ’ ಅನ್ನುವರು. ರೋಗಿಗೆ ಬಾಯಿ ತೆರೆಯಿರಿ, ಮುಚ್ಚಿರಿ ಅನ್ನುವ ಅದೇ ತಣ್ಣನೆಯ ದನಿ.

ನಮ್ಮ ಯಜಮಾನರಿಗೆ ಫೋನಿನಲ್ಲಿ ಹೇಳಿದೆ. "ಆ ಮುದುಕನ ಗ್ಯಾರೇಜಿನ್ಯಾಗ ನಿನಗೇನ್ ಕೆಲಸ? ಜಡ್ಡು ಹಚ್ಚಿಕೊಂಡು ಬಂದಿ ಅಂದ್ರ ನೋಡವ್ರು ಯಾರು?" ಎಂದರು ಅವರು. ಹುಬ್ಬಳ್ಳಿಯ ಸಿಟ್ಟು. ಅದರ ಬೆನ್ನಿಗೇ, "ಬಾಗಿಲಾ ಸಪಾಟ ಕೂತಾವೇನು?" ಎಂದು ತಾವೇ ಕೇಳಿದರು.

ಬಾಗಿಲದ್ದೇ ದೊಡ್ಡ ಕೆಲಸವಾಗಿತ್ತು. ಹಳೆ ಹೊಸ್ತಿಲನ್ನು ಕತ್ತರಿಸುವ ಮೊದಲು ಬಾಗಿಲ ತೆರಪಿಗೆ ಅಡ್ಡಲಾಗಿ ಕಬ್ಬಿಣದ ಕೊಳವೆಗಳನ್ನು ಬೆಸೆದಿದ್ದರು. ಬೆನ್ನೆಲುಬು ತೆಗೆದ ಮೈ ನಡುವಿನಲ್ಲಿ ಕುಸಿಯದಂತೆ ಹಿಡಿಯುವ ಊರೆ ಅದು. ಹೊಸದು ಪೂರ್ತಿ ಬೆಸೆದು ಮುಗಿಯುವ ತನಕ ಅದನ್ನು ಮುಟ್ಟಬಾರದು. ಅವರ ಕಡೆಯ ಬಾಗಿಲಿಗೆ ಹಾಗೇ ಮಾಡಿ ಗೆದ್ದರು. ಆಕೆಯ ಕಡೆಯದು ಇನ್ನೂ ಅರ್ಧ ಬೆಸುಗೆಯಲ್ಲಿತ್ತು.

ಆಗಸ್ಟಿನ ಒಂದು ಬೆಳಿಗ್ಗೆ ಡಬ್ಬಿ ಗೋಡೆಯ ಮೇಲೆ ಬರಲಿಲ್ಲ. ಹೋಗಿ ನೋಡಿದರೆ ಅವರು ಬಕೆಟ್ ಬೋರಲು ಹಾಕಿ ಅದರ ಮೇಲೆ ಕೂತಿದ್ದರು. ಆಕೆಯ ಕಡೆಯ ಊರೆಯ ಕೊಳವೆ ತುಂಡಾಗಿ ನೆಲದ ಮೇಲಿತ್ತು. ಒಳಗೆ ಸೀಟನ್ನೂ, ಅದರ ಮೇಲೊಂದು ದಿಂಬನ್ನೂ ಇಟ್ಟಿದ್ದರು. ಗಾಜಿನಾಚೆ ಆಕೆ ತಿಂಗಳಿಂದ ತಿಂಗಳಿಗೆ ಸೊರಗುತ್ತಿದ್ದದ್ದನ್ನು ಕಂಡು, ಸೀಟು ಎಷ್ಟು ಎತ್ತರಿಸಿದರೆ ಆಕೆಗೆ ಸುಲಭ ಎಂದು ತಾವೇ ಕೂತು ಎದ್ದು ನೋಡಬೇಕೆನ್ನಿಸಿತಂತೆ. ಕೊಳವೆ ಅಡ್ಡ ಬರುತ್ತಿತ್ತು. ಹಿಂದಿನ ದಿನ ಕತ್ತರಿಸಿದರು. ಮೈ ಕುಸಿದಿತ್ತು. ಒಂದು ಅಕ್ಕಿಕಾಳಿನಷ್ಟು ಇರಬಹುದು. ಬಾಗಿಲು ಮುಚ್ಚಹೋದರೆ ಕೆಳಗಿನ ಮೂಲೆ ತಾಗುತ್ತಿತ್ತು.

"ಒಂದು ಹಲ್ಲು ಕಿತ್ತು ಹಾಗೇ ಬಿಟ್ಟರೆ ಪಕ್ಕದ್ದು ವಾಲತ್ತೆ ಅಂತ ಊರಿಗೆಲ್ಲ ಹೇಳಿದವನು ನಾನು," ಎಂದರು.

ಚಿಲಕ ಕೂರುವ ಕೊಂಡಿಯನ್ನು ಸ್ವಲ್ಪ ಸರಿಸಿದರೆ ಆಗದೇ ಎಂದು ಕೇಳಿದೆ. ಕುಕ್ಕರಿನ ಮುಚ್ಚಳಕ್ಕೆ ನಾನು ಹಾಗೇ ಮಾಡುವವಳು.

"ಮುಚ್ಚತ್ತೆ. ಆದರೆ ಜೋರಾಗಿ ಎಳೀಬೇಕು. ದಡ್ ಅಂದರೆ ಅವಳು ಹೆದರಿಕೊಳ್ತಾಳೆ. ಒಂದು ಸಲ ಹೆದರಿದರೆ ಇನ್ನು ಇದನ್ನೂ ಹತ್ತಲ್ಲ."

ಹಾಕಿದ ಬೆಸುಗೆಗಳನ್ನೆಲ್ಲ ಒಂದೊಂದಾಗಿ ಕೊರೆದು ತೆಗೆದರು. ಮೈಯನ್ನು ಜಾಕಿಯಿಂದ ಕೂದಲೆಳೆಯಷ್ಟು, ಕೂದಲೆಳೆಯಷ್ಟು ಎತ್ತಿ, ಹೊಸ ಊರೆ ಕಟ್ಟಿ, ಮತ್ತೆ ಮೊದಲಿನಿಂದ ಶುರು. ನಾನು ಮತ್ತೆ ಆ ತುದಿ ಹಿಡಿದೆ.

ಸೆಪ್ಟೆಂಬರಿನಲ್ಲಿ ಶುಶ್ರೂಷಾಲಯದವರು ನಿಯಮ ಸಡಿಲಿಸಿದರು. ಮನೆಯವರು ಬಂದು ಕಾರಿನಲ್ಲಿ ಒಂದು ಸುತ್ತು ಕರೆದೊಯ್ಯಬಹುದು. ಬೇರೆಯವರ ಕಾರುಗಳು ಬಂದು ಹೋಗುವುದನ್ನು ಆಕೆ ಕಿಟಕಿಯಿಂದ ನೋಡುತ್ತಿದ್ದರು. ಇವರ ಕಾರು ಆಗ ನಾಲ್ಕು ದಿಮ್ಮಿಗಳ ಮೇಲೆ ನಿಂತಿತ್ತು. ಕೊಳವೆ ಕತ್ತರಿಸದೇ ಇದ್ದಿದ್ದರೆ ಅಷ್ಟರಲ್ಲಿ ಮುಗಿದಿರುತ್ತಿತ್ತು. ಅಕ್ಟೋಬರಿನಲ್ಲಿ ಕೆಲಸ ಮುಗಿಯಿತು. ಊರೆ ತೆಗೆದ ದಿನ ಅವರು ಆಕೆಯ ಕಡೆಯ ಬಾಗಿಲನ್ನು ಕಿರುಬೆರಳಿನಿಂದ ತಳ್ಳಿದರು. ಪುಸ್ತಕ ಮುಚ್ಚಿದಷ್ಟೇ ಸದ್ದು. ಅದೇ ವಾರ ಊರಲ್ಲಿ ಕೊರೊನಾ ಮತ್ತೆ ಏರಿ, ಹೊರಗೆ ಕರೆದೊಯ್ಯುವುದಕ್ಕೆ ತಡೆ ಬಿತ್ತು. ನಿವಾಸಿಗಳು ಗೇಟು ದಾಟುವಂತಿರಲಿಲ್ಲ.

ಅಲ್ಲಿಯ ಮುಖ್ಯ ನರ್ಸನ್ನು ಅವರು ಹೇಗೆ ಒಪ್ಪಿಸಿದರೋ, ಅಂಗಳದೊಳಗೆ ಕಾರು ತರಲು ಬಿಟ್ಟರು. ಕೂರಬಹುದು, ಹೊರಡುವಂತಿಲ್ಲ. ಇಕ್ಕಟ್ಟಿನ ಗೇಟಿನಲ್ಲಿ ಆ ಉದ್ದದ ಕಾರು ತೂರಿಸಲು ದಾರಿ ತೋರಿಸಬೇಕೆಂದು ನಾನೂ ಸೈಕಲ್ಲಿನಲ್ಲಿ ಹೋದೆ, ಬೇಲಿಯಾಚೆ ನಿಂತೆ. ಗಾಲಿಕುರ್ಚಿಯಲ್ಲಿ ಬಂದ ಆಕೆ ಕಾರನ್ನು ಕಂಡದ್ದೇ ಎದ್ದು ನಿಂತರು. ಬೆನ್ನು ತಿರುಗಿಸಿ, ಕೂತು, ಒಂದು ಕಾಲು, ಇನ್ನೊಂದು ಕಾಲು. ಬಾಗಿಲು ಮುಚ್ಚಿದ್ದು ನನಗೆ ಕೇಳಿಸಲೇ ಇಲ್ಲ. ಅವರು ಸುತ್ತಿ ಬಂದು ತಮ್ಮ ಜಾಗದಲ್ಲಿ ಕೂತು ಎಂಜಿನ್ ಚಾಲೂ ಮಾಡಿದರು. ಕಾರು ಅಲುಗಲಿಲ್ಲ. ಆದರೆ ಗಾಜಿನೊಳಗೆ ಅವರ ಬಿಳಿಯ ಬೆರಳುಗಳು ಸ್ಟಿಯರಿಂಗನ್ನು ಸ್ವಲ್ಪ ಎಡಕ್ಕೆ, ಸ್ವಲ್ಪ ಬಲಕ್ಕೆ ತಿರುಗಿಸುತ್ತಿದ್ದವು.

ಆಕೆ ಜನವರಿಯಲ್ಲಿ ಹೋದರು. ಸಂಸ್ಕಾರಕ್ಕೆ ಕೆಲವೇ ಜನರಿಗೆ ಅವಕಾಶ, ನಾನು ಮನೆಯಲ್ಲೇ ದೀಪ ಹಚ್ಚಿದೆ. ಅಷ್ಟರಲ್ಲಿ ಯಜಮಾನರು ಬಂದಾಗಿತ್ತು. ಅವರೇ ಗೋಡೆಯ ಮೇಲೆ ಸಾರು ಅನ್ನದ ಡಬ್ಬಿ ಇಟ್ಟು ಬರುತ್ತಿದ್ದರು. ಬೂರ್‌ಮನ್ ಮುಂದಿನ ಚಳಿಗಾಲ ನೋಡಲಿಲ್ಲ. ಹೃದಯ ನಿಂತಿತು ಎಂದರು. ಕಾರನ್ನು ಅವರ ತಂಗಿಯ ಮಗ ಒಯ್ದ. ಯಾರೂ ಇಲ್ಲದ ಆ ತಿಂಗಳುಗಳಲ್ಲಿ ಇನ್ನೊಂದು ತುದಿಗೆ ನನ್ನನ್ನು ಕರೆದವರು ಅವರು. ಆ ಋಣವನ್ನು ಅವರಿದ್ದಾಗ ಹೇಳಿಕೊಳ್ಳಲು ನನ್ನ ಡಚ್ಚು ಸಾಲಲಿಲ್ಲ.

ಅಂಗಳದ ಆ ಮಧ್ಯಾಹ್ನ ಒಳಗೆ ನಡೆದದ್ದನ್ನು ಅವರು, ಆಕೆ ಹೋದ ಮೇಲೆ, ಒಂದೇ ಸಲ ಹೇಳಿದ್ದರು. ಎಂಜಿನ್ ಸದ್ದಿಗೆ ಆಕೆ ಮುಂದಿನ ಗಾಜಿನಲ್ಲಿ ದೃಷ್ಟಿಯಿಟ್ಟು, ನಿಧಾನ ಓಡಿಸು ಎಂದರಂತೆ. ಓಡುತ್ತಿಲ್ಲ ಎಂದು ಹೇಳಲು ಇವರಿಗೆ ಬಾಯಿ ಬರಲಿಲ್ಲ. ಹಾಗಾಗಿ ಓಡಿಸಿದರು. ಸೇತುವೆ, ಚರ್ಚಿನ ತಿರುವು, ಹಡಗುಗಳು ಕಾಣುವ ನದಿಯ ಏರಿ, ಎಲ್ಲವನ್ನೂ ಬಾಯಲ್ಲಿ ಹೇಳುತ್ತ, ಕೈಯಲ್ಲಿ ತಿರುಗಿಸುತ್ತ. ಕೊನೆಗೆ ಮನೆ ಬಂತು ಎಂದು ಎಂಜಿನ್ ನಿಲ್ಲಿಸಿದರು. ಆಕೆ ತಾವೇ ಬಾಗಿಲು ತೆಗೆದು ಇಳಿದು, ಗಾಲಿಕುರ್ಚಿ ಹಿಡಿದು ನಿಂತಿದ್ದ ನರ್ಸಿಗೆ, ಹೊಳೆಯ ಮೇಲೆ ಇವತ್ತು ಗಾಳಿ ಬಹಳ ಎಂದು ಹೇಳಿ, ಕೆದರದೇ ಇದ್ದ ತಲೆಗೂದಲನ್ನು ಸರಿಮಾಡಿಕೊಂಡರಂತೆ.