ಅಪ್ಪನ ಕೆಲಸಕ್ಕೆ ಅರ ಹಾಕಿದ್ದು

ನಮ್ಮದು ನಾಗಮಂಗಲದ ಹಿತ್ತಾಳೆ ಕೆಲಸದ ಮನೆ. ಮೂರ್ತಿ, ದೀಪ, ಗಂಟೆ, ಏನೇ ಆಗಲಿ, ಅಪ್ಪನ ಕೈಯಿಂದ ಬಂದರೆ ಅದರಲ್ಲಿ ಕೂದಲೆಳೆಯಷ್ಟೂ ಸಂದು ಇರುತ್ತಿರಲಿಲ್ಲ. ಆ ಹೆಸರಿನ ಮೇಲೆಯೇ ಅವನನ್ನು ಶ್ರೀರಂಗಪಟ್ಟಣದ ಸುಲ್ತಾನರ ಕಾರ್ಖಾನೆಗೆ ಕರೆಸಿಕೊಂಡರು. ಜೊತೆಗೆ ನಾನೂ ಬಂದೆ. ಅಲ್ಲಿ ಅವನ ಹಠವೂ ಹೆಸರಾಯಿತು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಆಸಾಮಿ. ಮಗ ನಾನು, ಹೇಳುವ ಹಕ್ಕಿದೆ.

ಹಿರೋಡೆಯ ಬಳಿ ಬಿಡಾರ ಹೂಡಿದ್ದ ಫರಂಗಿಗಳು ಆಟಿಕೆಯಂಥ ಒಂದು ಯಂತ್ರ ತಂದುಕೊಟ್ಟರು. ಮೊಣಕಾಲೆತ್ತರ, ಅಷ್ಟೇ. ಕೆಳಗೆ ಬೆಂಕಿ, ಅದರ ಮೇಲೆ ನೀರಿನ ಹಂಡೆ. ಆವಿ ನುಗ್ಗಿದರೆ ಮೇಲಿನ ತೊಲೆ ಏಳಬೇಕು, ಇಳಿಯಬೇಕು. ಆವಿಗೆ ಒಂದು ಪುಟ್ಟ ಬಾಗಿಲು, ಅದನ್ನು ತೆರೆದು ಮುಚ್ಚಲು ಒಂದು ಕಡ್ಡಿ, ಕಡ್ಡಿ ಒಳಗೆ ತೂರಿ ಆಡಲು ಒಂದು ಕಬ್ಬಿಣದ ಬಳೆ. ಹಡಗಿನಲ್ಲಿ ಬರುವಾಗ ಕಡ್ಡಿ ಮುರಿದಿತ್ತು. ಅಪ್ಪ ಹೊಸದು ಮಾಡಿದ, ಹಿತ್ತಾಳೆಯಲ್ಲಿ. ಕಬ್ಬಿಣ ಮುಟ್ಟುವುದು ಅವನಿಗೆ ಬೇಕಿರಲಿಲ್ಲ.

ಯಂತ್ರ ತಣ್ಣಗಿದ್ದಾಗ ಬೆರಳಲ್ಲಿ ತಳ್ಳಿದರೆ ಸಲೀಸಾಗಿ ಓಡುತ್ತಿತ್ತು. ಬೆಂಕಿ ಹಾಕಿದರೆ ಹತ್ತು ಸಲ ಆಡಿ ಕಚ್ಚಿಕೊಂಡು ನಿಲ್ಲುತ್ತಿತ್ತು. ಕಾರ್ಖಾನೆ ನೋಡಿಕೊಳ್ಳುತ್ತಿದ್ದ ದರೋಗಾ ಮೂರು ದಿನ ಕಾದ. ಆಮೇಲೆ, 'ನಾಳಿದ್ದು ದೊಡ್ಡವರು ನೋಡೋಕೆ ಬರ್ತಾರೆ. ಆಗಲೂ ನಿಂತರೆ ಮುದುಕ ಊರಿಗೆ ಹೋಗಲಿ' ಎಂದು ನನಗೆ ಹೇಳಿದ, ಅಪ್ಪನಿಗೆ ಕೇಳುವ ಹಾಗೆ.

ನಾನು ಒಂದೊಂದೇ ಕೀಲು ಬಿಚ್ಚಿ ನೋಡಿದೆ. ಎಣ್ಣೆ ಬದಲಿಸಿದೆ. ತೊಲೆಯಲ್ಲಿ ತಪ್ಪಿಲ್ಲ, ಬಾಗಿಲಲ್ಲಿ ತಪ್ಪಿಲ್ಲ. ಕೊನೆಗೆ ಕಡ್ಡಿಯನ್ನು ಬಳೆಯಲ್ಲಿಟ್ಟು ಎರಡರ ಮೇಲೂ ಕುದಿಯುವ ನೀರು ಸುರಿದೆ. ಕಚ್ಚಿತು. ಬಿಸಿಗೆ ಹಿತ್ತಾಳೆ ಕಬ್ಬಿಣಕ್ಕಿಂತ ಹೆಚ್ಚು ಹಿಗ್ಗುತ್ತದೆ. ಅಪ್ಪ ಹಿಗ್ಗಲು ಜಾಗವನ್ನೇ ಬಿಟ್ಟಿರಲಿಲ್ಲ.

'ಒಸಿ ಅರ ಆಕುದ್ರೆ ಸರೋಯ್ತದೆ ಕಣಪ್ಪ' ಎಂದೆ.

'ಸಡ್ಲ ಮಾಡಕ್ಕೆ ನಾನ್ಯಾಕ್ಲಾ ಬೇಕು? ಯಾವನಾದ್ರೂ ಮಾಡ್ತಾನೆ. ಬೆಂಕಿ ಜಾಸ್ತಿ ಆಕ್ತಾವ್ರೆ, ಅವ್ರಿಗೇಳು ಓಗು.'

'ಬೆಂಕಿ ಕಮ್ಮಿಯಾದ್ರೆ ಆವಿ ಎಲ್ಲಿಂದ ಬತ್ತದೆ?'

'ಬಾಯ್ಮುಚ್ಚು. ನಾನ್ ಮುಗ್ಸಿದ್ ಕೆಲ್ಸಕ್ಕೆ ನೀನು ಅರ ಆಕ್ಬ್ಯಾಡ.'

ನಮ್ಮ ಮನೆಯ ಕಟ್ಟಳೆ ಅದು. ತಂದೆ ಮುಗಿಸಿ, ಪೂಜೆ ಮಾಡಿ ಕೆಳಗಿಟ್ಟ ಕೆಲಸಕ್ಕೆ ಮಗ ಆಯುಧ ತಾಕಿಸಬಾರದು. ತಾಕಿಸಿದರೆ ತಂದೆಯ ಕೈ ಬಿದ್ದುಹೋಯಿತೆಂದು ಊರಿಗೆಲ್ಲ ಸಾರಿದ ಹಾಗೆ.

ದೊಡ್ಡವರು ಬರುವ ದಿನ ಬೆಳಿಗ್ಗೆ ಅಪ್ಪ ಸ್ನಾನಕ್ಕೆಂದು ಹೊಳೆಗೆ ಹೋಗಿದ್ದಾಗ ತಾಕಿಸಿದೆ. ಅರದಲ್ಲಿ ನಾಲ್ಕೇ ಉಜ್ಜು. ಅವನ ಜಾಗ ಉಳಿಯಲಿ ಎಂದೇ ಉಜ್ಜಿದೆ. ಯಾರು ನಂಬಿದರೂ ಅಷ್ಟೇ, ಬಿಟ್ಟರೂ ಅಷ್ಟೇ.

ಯಂತ್ರ ಓಡಿತು. ನಿಲ್ಲಲೇ ಇಲ್ಲ. ಬಂದವರು ತಲೆದೂಗಿ ಹೋದರು, ದರೋಗಾ ಅಪ್ಪನ ಹೆಗಲಿಗೆ ಶಾಲು ಹೊದಿಸಿದ. ಅಪ್ಪನ ಮುಖ ಅರಳಿತ್ತು. ಬೆಂಕಿ ಆರಿ ಎಲ್ಲ ತಣ್ಣಗಾದ ಮೇಲೆ ಅವನು ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ಅಲ್ಲಾಡಿಸಿ ನೋಡಿದ. ಅದು ಅಲುಗಿತು. ನನ್ನ ಕಡೆ ತಿರುಗಿದ. ಸುಮ್ಮನಿರಪ್ಪ, ಇದೊಂದು ಸಲ ಸುಮ್ಮನಿದ್ದುಬಿಡು ಎಂದು ಮನಸ್ಸಿನಲ್ಲೇ ಕೈಮುಗಿದೆ. ಅವನು ಶಾಲು ತೆಗೆದು, ಮಡಿಚಿ, ದರೋಗನ ಮುಂದಿಟ್ಟ.

'ಇದು ನನ್ ಕೆಲ್ಸ ಅಲ್ಲ ಬುದ್ಧಿ. ನಂದು ನಿಂತೋಗಿತ್ತು. ಓಡ್ಸಿದ್ದು ಇವ್ನು.'

ಯಾರು ಕೇಳಿದ್ದರು ಆ ಸತ್ಯವನ್ನು? ದರೋಗಾ, ಹಾಗಾದರೆ ಅಪ್ಪನ ಜಾಗ ಮಗನಿಗೆ, ಅಪ್ಪ ಊರಿಗೆ ಹೋಗಬಹುದು ಎಂದ.

ಅಪ್ಪ ತನ್ನ ಸುತ್ತಿಗೆ, ಉಳಿಗಳನ್ನು ಗಂಟು ಕಟ್ಟಿಕೊಂಡ. ಕಿರಂಗೂರು ದಾಟಿ ನಾಗಮಂಗಲದವರೆಗೂ ನಡೆಯಬೇಕು, ಆ ವಯಸ್ಸಿನಲ್ಲಿ. ಅವನು ಬಾಗಿಲಲ್ಲಿ ಕೂತು ಕೆರ ಮೆಟ್ಟುತ್ತಿದ್ದಾಗ ದರೋಗಾ ನನ್ನನ್ನು ಕೇಳಿದ: 'ನೀನು ಇರ್ತೀಯೋ, ಅಪ್ಪನ ಜೊತೆ ಹೋಗ್ತೀಯೋ?'

ಅಪ್ಪನ ಕೈ ಕೆರದ ಮೇಲೆಯೇ ನಿಂತಿತು.

'ಇರ್ತೀನಿ' ಎಂದೆ.