ಪಕ್ಕದಲ್ಲಿ ನಿಲ್ಲುವ ಕೋದಂಡಪ್ಪ

ಬೇತಮಂಗಲದ ಹಾಲಿನ ವ್ಯಾನಿನ ಕೋದಂಡಪ್ಪ ಪಕ್ಕದಲ್ಲಿ ನಿಂತು ನೋಡದೆ ಯಾವ ಕೆಲಸವನ್ನೂ ಮಾಡಿಸುವ ಆಸಾಮಿಯಲ್ಲ. ಗಿರಣಿಯಲ್ಲಿ ರಾಗಿ ಬೀಸಿ ಮುಗಿಯುವವರೆಗೆ ಕದಲುವುದಿಲ್ಲ. ಹಲ್ಲು ಕೀಳಿಸಿಕೊಳ್ಳುವಾಗಲೂ ಕೈಯಲ್ಲಿ ಕನ್ನಡಿ ಹಿಡಿದು, "ಅದಲ್ಲ ಸಾ, ಪಕ್ಕದ್ದು" ಎಂದು ಡಾಕ್ಟರಿಗೇ ದಾರಿ ತೋರಿಸಿದವನು. ವ್ಯಾನಿನ ಗೇರ್ ಬಾಕ್ಸು ಕೆಟ್ಟು ಬೇರೆಯದು ಹಾಕಿಸಬೇಕಾಗಿ ಬಂದಾಗ, ಬಂಗಾರಪೇಟೆಯ ಷೋರೂಮಿನವರು ಎರಡು ವರ್ಷದ ಗ್ಯಾರಂಟಿ ಕೊಡುತ್ತೇವೆಂದು ಸೋಫಾದಲ್ಲಿ ಕೂರಿಸಿ ಕಾಫಿ ಕೊಟ್ಟರು. "ಬಿಚ್ಚೋವಾಗ ನಾನು ಪಕ್ಕದಾಗೇ ನಿಂತ್ಕೋಬೇಕು" ಎಂದ. ಗಾಜಿನಾಚೆ ಗಿರಾಕಿಗಳನ್ನು ಬಿಡುವುದಿಲ್ಲವೆಂದರು. "ಅಂಗಾದ್ರೆ ಓಗ್ತೀನಿ" ಎಂದು ಲೋಟ ಕೆಳಗಿಟ್ಟವನೇ, ವ್ಯಾನನ್ನು ಟ್ರ್ಯಾಕ್ಟರಿಗೆ ಕಟ್ಟಿ ಹಳೆಯ ಚಿನ್ನದ ಗಣಿಯ ಊರಿಗಾಂವರೆಗೆ ಎಳೆಸಿಕೊಂಡು ಹೋದ. ಅಲ್ಲಿಯ ತಗಡಿನ ಶೆಡ್ಡಿನ ಮೆಕ್ಯಾನಿಕ್ ಸೆಲ್ವರಾಜ್, "ನನ್ನತ್ರ ಗ್ಯಾರಂಟಿ ಗೀರಂಟಿ ಇಲ್ಲಣ್ಣಾ, ಬೇಕಾದ್ರೆ ಪಕ್ಕದಲ್ಲೇ ನಿಂತು ನೋಡಿ" ಎಂದರೆ, ಕೋದಂಡಪ್ಪ ಹಾಲಿನ ಕ್ಯಾನನ್ನು ಬೋರಲು ಹಾಕಿ ಅವನಿಗೆ ಬೆನ್ನು ಮಾಡಿ ಕೂತುಬಿಟ್ಟ. "ನಿನ್ ಕೆಲಸಾನ ಏನ್ಲಾ ನೋಡೋದು? ಗಣಿ ಒಳಕ್ಕೆ ಕೇಜು ಇಳಿಸೋ ಮಿಷಿನ್ನು ನಿಮ್ಮಪ್ಪನ ಕೈಯಾಗಿತ್ತು. ನಮ್ಮಪ್ಪ ಆ ಕೇಜಾಗೆ ನಿಂತು ಇಪ್ಪತ್ತೆಂಟು ವರ್ಷ ದಿನಾ ಇಳಿದ, ದಿನಾ ಮೇಲಕ್ಕೆ ಬಂದ. ನಿಮ್ಮಪ್ಪನ ಮಕ ಒಂದಿನಾನೂ ನೋಡಿರ್ನಿಲ್ಲ."